ರಿಸರ್ವೇಶನ್ ಬೇಡದ ದಾರಿ: ಒಂದು ತಿಂಗಳ ಯೂರೋಪ್ ರೈಲು ಪ್ರವಾಸ ನಾವು ಹಾಕಿಕೊಂಡ ಬಗೆ

ಮ್ಯಾಪ್ ಮುಂದೆ ಇಟ್ಟುಕೊಂಡು ಪ್ಯಾರಿಸ್, ರೋಮ್, ಬಾರ್ಸಿಲೋನಾ ಅಂತ ಊರುಗಳಿಗೆ ಗುರುತು ಹಾಕುವುದು, ಆಮೇಲೆ ಅವುಗಳ ಮಧ್ಯೆ ರೈಲು ಹುಡುಕುವುದು. ಸಾಮಾನ್ಯವಾಗಿ ಯೂರೋಪ್ ಪ್ರವಾಸ ಶುರುವಾಗುವುದು ಹೀಗೆ. ನಾವು ಉಲ್ಟಾ ಮಾಡಿದೆವು. ಮೊದಲು ರೈಲು ದಾರಿ ಆರಿಸಿದೆವು, ಊರುಗಳು ಅದರ ಹಿಂದೆ ಬಂದವು. ಹೊರಟವರು ಮೂವರು: ನಾನು, ಅಮ್ಮ, ನನ್ನ ತಮ್ಮ. ಅಮ್ಮನಿಗೆ ಅರವತ್ತು ದಾಟಿದೆ, ಮಂಡಿ ನೋವಿದೆ, ಜೊತೆಗೆ ಶುದ್ಧ ಸಸ್ಯಾಹಾರಿ. ತಮ್ಮ ಈಗಷ್ಟೇ ಕೆಲಸಕ್ಕೆ ಸೇರಿದವನು. ಮೂವರಿಗೂ ಹಿಡಿಸುವ ಹಾಗೆ ಒಂದು ತಿಂಗಳು ಕಳೆಯಬೇಕಿತ್ತು.

ದಾರಿ ಆರಿಸುವಾಗ ನಾನು ಕೇಳಿಕೊಂಡ ಪ್ರಶ್ನೆ ಒಂದೇ. ಯಾವ ದೇಶಗಳಲ್ಲಿ ಪಾಸ್ ಹಿಡಿದು ಸುಮ್ನೆ ರೈಲು ಹತ್ತಬಹುದು? ಒಮ್ಮೆ ಕೊಂಡು ಹಲವು ದೇಶಗಳ ರೈಲುಗಳಲ್ಲಿ ಓಡಾಡಬಹುದಾದ ಯೂರೇಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ಆದರೆ ಆ 33 ದೇಶಗಳೂ ಒಂದೇ ಥರ ಅಲ್ಲ. ಫ್ರಾನ್ಸಿನ ಟಿಜಿವಿ, ಸ್ಪೇನಿನ ಎವಿಇ, ಇಟಲಿಯ ಫ್ರೆಚ್ಚಾರೋಸ್ಸಾ ಥರದ ವೇಗದ ರೈಲುಗಳಿಗೆಲ್ಲ ಪಾಸ್ ಇದ್ದರೂ ಸೀಟು ರಿಸರ್ವ್ ಮಾಡಿಸಲೇಬೇಕು, ಅದಕ್ಕೆ ಬೇರೆ ದುಡ್ಡು. ಲಂಡನ್, ಪ್ಯಾರಿಸ್ ಕಡೆ ಓಡುವ ಯೂರೋಸ್ಟಾರ್ ರೈಲಿನಲ್ಲಿ ಪಾಸಿನವರಿಗೆ ಇಷ್ಟೇ ಸೀಟು ಅಂತ ಮಿತಿಯೂ ಇದೆ. ಬೇಸಿಗೆಯಲ್ಲಿ ಅದು ಬೇಗ ಮುಗಿಯುತ್ತದೆ. ಅದೇ ನೆದರ್ಲೆಂಡ್ಸ್, ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆ ಒಳಗೆ ಓಡಾಡುವ ಹಗಲು ರೈಲುಗಳಲ್ಲಿ ಹೆಚ್ಚಿನವಕ್ಕೆ ಈ ಕಟ್ಟುಪಾಡು ಇಲ್ಲ. ಎಂಟು ಗಂಟೆಯ ರೈಲು ಬೇಡ ಅನಿಸಿದರೆ ಹತ್ತು ಗಂಟೆಯದಕ್ಕೆ ಹೋಗಬಹುದು. ಅರವತ್ತು ದಿನ ಮೊದಲೇ ಟಿಕೆಟ್ ಮಾಡಿಸಿ, ವೇಟಿಂಗ್ ಲಿಸ್ಟ್ ನೋಡಿ ನೋಡಿ ಬೆಳೆದ ನಮಗೆ ಇದು ನಿಜಕ್ಕೂ ದೊಡ್ಡ ಸ್ವಾತಂತ್ರ್ಯ. ಹಾಗಾಗಿ ಈ ದೇಶಗಳನ್ನೇ ಪ್ರವಾಸದ ಬೆನ್ನೆಲುಬು ಮಾಡಿಕೊಂಡೆವು. ಪ್ಯಾರಿಸ್ ಕೈಬಿಟ್ಟೆವು. ಪ್ಯಾರಿಸ್ ಬಿಟ್ಟು ಯೂರೋಪ್ ನೋಡುವುದೇ ಅಂತ ನೆಂಟರು ಕೇಳಿದರು. ನೋಡಬಹುದು, ಚೆನ್ನಾಗಿಯೇ ನೋಡಬಹುದು.

ಕೊನೆಗೆ ನಿಂತ ದಾರಿ ಇದು. ಆಮ್‌ಸ್ಟರ್‌ಡ್ಯಾಮ್‌ನಿಂದ ಬರ್ಲಿನ್, ಅಲ್ಲಿಂದ ಪ್ರಾಗ್, ವಿಯೆನ್ನಾ, ಮಧ್ಯೆ ಬುಡಾಪೆಸ್ಟ್‌ಗೆ ಹೋಗಿ ಬರುವುದು. ಆಮೇಲೆ ಸ್ಲೊವೇನಿಯಾದ ಲುಬ್ಲಿಯಾನಾ, ಇನ್ಸ್‌ಬ್ರುಕ್, ಸ್ವಿಟ್ಜರ್ಲೆಂಡಿನ ಖೂರ್, ಕೊನೆಗೆ ಮ್ಯೂನಿಕ್. ವಿಮಾನ ಆಮ್‌ಸ್ಟರ್‌ಡ್ಯಾಮ್‌ಗೆ ಇಳಿದು ಮ್ಯೂನಿಕ್‌ನಿಂದ ಹತ್ತುವ ಹಾಗೆ ಮಲ್ಟಿ ಸಿಟಿ ಟಿಕೆಟ್ ಮಾಡಿಸಿದೆವು. ಹೊರಟ ಊರಿಗೇ ವಾಪಸ್ ಬರಬೇಕು ಅಂತಿದ್ದರೆ ಒಂದು ಇಡೀ ದಿನ, ಪಾಸಿನ ಒಂದು ದಿನ, ಎರಡೂ ಸುಮ್ನೆ ಖರ್ಚಾಗುತ್ತಿತ್ತು.

ವೀಸಾ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಈ ದೇಶಗಳೆಲ್ಲ ಶೆಂಗೆನ್ ಅನ್ನುವ, ಒಂದೇ ವೀಸಾ ನಡೆಯುವ ಯೂರೋಪ್ ದೇಶಗಳ ಒಕ್ಕೂಟದ ಒಳಗೇ ಇವೆ, ಒಂದೇ ವೀಸಾ ಸಾಕು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಮೊದಲು ಕಾಲಿಡುವ ದೇಶಕ್ಕೆ ಹಾಕುವುದು ದಿನಗಳು ಸಮ ಬಂದಾಗ ಮಾತ್ರ. ನಾವು ರಾತ್ರಿಗಳನ್ನು ಎಣಿಸಿದಾಗ ವಿಯೆನ್ನಾ, ಇನ್ಸ್‌ಬ್ರುಕ್ ಸೇರಿ ಆಸ್ಟ್ರಿಯಾ ಮುಂದಿತ್ತು, ಅದಕ್ಕೇ ಹಾಕಿದೆವು. ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಆದಷ್ಟು ಬೇಗ ಹಾಕಿ. ದೊಡ್ಡವರಿಗೆ ಶುಲ್ಕ 90 ಯೂರೋ, 2024ರ ಜೂನ್‌ನಿಂದ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು ಇರಬೇಕು. ಹೋಟೆಲ್‌ಗಳನ್ನು ದುಡ್ಡು ಕಳೆದುಕೊಳ್ಳದೆ ರದ್ದು ಮಾಡಬಹುದಾದ ದರದಲ್ಲೇ ಬುಕ್ ಮಾಡಿದೆವು. ವೀಸಾ ಕೈಗೆ ಬಂದ ಮೇಲೆಯೇ ರೈಲು ಪಾಸ್ ಕೊಂಡಿದ್ದು.

ಈಗ ಪಾಸಿನ ಲೆಕ್ಕ. ಇದನ್ನು ನಿಧಾನವಾಗಿ ಮಾಡಬೇಕು. ಯೂರೇಲ್ ಇರುವುದು ಯೂರೋಪಿನ ಹೊರಗೆ ವಾಸ ಮಾಡುವವರಿಗೆ. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಕೆಲಸದ ಮೇಲೆ ನೆಲೆಸಿರುವ ನಮ್ಮ ಕನ್ನಡದವರು ಕೊಳ್ಳಬೇಕಾದದ್ದು ಇಂಟರ್‌ರೇಲ್. ಪಾಸ್‌ಪೋರ್ಟ್ ಯಾವುದು ಅನ್ನುವುದಲ್ಲ, ವಾಸ ಎಲ್ಲಿ ಅನ್ನುವುದು ಮುಖ್ಯ. ಇಂಟರ್‌ರೇಲ್‌ನಲ್ಲಿ ತಾವು ವಾಸವಿರುವ ದೇಶದೊಳಗೆ ಎಷ್ಟು ಸಲ ಓಡಾಡಬಹುದು ಅನ್ನುವುದಕ್ಕೂ ಮಿತಿ ಇದೆ. ಅಣ್ಣನೋ ಅಕ್ಕನೋ ಅಲ್ಲಿದ್ದು ಅಪ್ಪ ಅಮ್ಮ ಇಲ್ಲಿಂದ ಹೋಗುವ ಮನೆಗಳಲ್ಲಿ ಒಂದೇ ಗುಂಪಿಗೆ ಎರಡು ಥರದ ಪಾಸ್ ಬೇಕಾಗುತ್ತದೆ.

ಪಾಸ್ ಎರಡು ಬಗೆ. ಒಂದು, ದಿನ ಬಿಡದೆ ನಡೆಯುವ 15 ದಿನ, 22 ದಿನ, ಒಂದು ತಿಂಗಳ ಪಾಸ್. ಇನ್ನೊಂದು, ಎರಡು ತಿಂಗಳ ಒಳಗೆ ನಿಮಗೆ ಬೇಕಾದ 10 ಅಥವಾ 15 ದಿನ ಬಳಸುವ ಫ್ಲೆಕ್ಸಿ ಪಾಸ್. ಒಂದು ತಿಂಗಳ ಪ್ರವಾಸ ಅಂದ ತಕ್ಷಣ ಒಂದು ತಿಂಗಳ ಪಾಸ್ ಬೇಕು ಅನಿಸುತ್ತದೆ. ಆದರೆ ಒಂದು ಊರಿನಲ್ಲಿ ಮೂರು ನಾಲ್ಕು ದಿನ ನಿಲ್ಲುವವರಿಗೆ ಅದು ದುಬಾರಿ. ನಾವು 10 ದಿನದ ಫ್ಲೆಕ್ಸಿ ತಗೊಂಡೆವು. ದೂರದ ಪ್ರಯಾಣಗಳಿಗೆ ಮಾತ್ರ ಪಾಸಿನ ದಿನ ಖರ್ಚು ಮಾಡಿದೆವು. ಆಮ್‌ಸ್ಟರ್‌ಡ್ಯಾಮ್‌ನಿಂದ ಹಾರ್ಲೆಮ್, ವಿಯೆನ್ನಾದಿಂದ ಸ್ಲೊವಾಕಿಯಾದ ಬ್ರಾತಿಸ್ಲಾವಾ ಥರದ ಹತ್ತಿರದ ಓಡಾಟಕ್ಕೆ ಅಲ್ಲೇ ಟಿಕೆಟ್ ಕೊಂಡೆವು. ಬ್ರಾತಿಸ್ಲಾವಾ ಒಂದು ಗಂಟೆಯ ದಾರಿ, ಅದಕ್ಕೆ ಪಾಸಿನ ದಿನ ಸುಡುವುದು ದಂಡ. ವಯಸ್ಸಿನ ಲೆಕ್ಕವೂ ನಮಗೆ ಅನುಕೂಲವಾಯಿತು. 60 ದಾಟಿದವರಿಗೆ ರಿಯಾಯಿತಿ ಇದೆ, 27ರವರೆಗಿನವರಿಗೆ ಇನ್ನೂ ಜಾಸ್ತಿ ಇದೆ. ಪೂರ್ತಿ ದರ ಕೊಟ್ಟವಳು ನಾನೊಬ್ಬಳೇ! 12 ವರ್ಷದೊಳಗಿನ ಮಕ್ಕಳಾದರೆ ಒಬ್ಬ ದೊಡ್ಡವರ ಜೊತೆ ಇಬ್ಬರಿಗೆ ಪಾಸ್ ಉಚಿತ. ಆದರೆ ಉಚಿತದ ಪಾಸನ್ನೂ ಮೊದಲೇ ಸೇರಿಸಿ ತಗೊಂಡಿರಬೇಕು.

ಪಾಸ್ ಕೊಳ್ಳುವ ಮೊದಲು ಪ್ರತಿ ಪ್ರಯಾಣದ ಬಿಡಿ ಟಿಕೆಟ್ ದರವನ್ನೂ ಬರೆದುಕೊಂಡು ಕೂಡಿಸಿ ನೋಡಿದೆ. ನಿಜ ಹೇಳಬೇಕೆಂದರೆ, ತಿಂಗಳುಗಟ್ಟಲೆ ಮೊದಲೇ ಕೊಂಡರೆ ಬಿಡಿ ಟಿಕೆಟ್ ಕೆಲವು ಕಡೆ ಪಾಸಿಗಿಂತ ಅಗ್ಗ. ಆದರೆ ಆ ಅಗ್ಗದ ಟಿಕೆಟ್ ನಿಮ್ಮನ್ನು ಒಂದೇ ರೈಲಿಗೆ ಕಟ್ಟಿಹಾಕುತ್ತದೆ. ಬೆಳಿಗ್ಗೆ ಅಮ್ಮನಿಗೆ ಮಂಡಿ ನೋವು ಜಾಸ್ತಿ ಇದ್ದರೂ ಓಡಲೇಬೇಕು. ನಾನು ಪಾಸಿಗೆ ದುಡ್ಡು ಕೊಟ್ಟದ್ದು ಈ ಕಾರಣಕ್ಕೆ. ವಿಯೆನ್ನಾದಲ್ಲಿ ಒಂದು ಬೆಳಿಗ್ಗೆ ಜೋರು ಮಳೆ. ಬುಡಾಪೆಸ್ಟ್ ಪ್ರಯಾಣವನ್ನು ಮಧ್ಯಾಹ್ನಕ್ಕೆ ಹಾಕಿ, ಅಮ್ಮ ಮಾಡಿದ ಉಪ್ಪಿಟ್ಟು ತಿಂದು, ನಿಧಾನವಾಗಿ ಹೊರಟೆವು. ಯಾರಿಗೂ ಫೋನ್ ಮಾಡಬೇಕಾಗಲಿಲ್ಲ, ಯಾವ ಟಿಕೆಟ್ಟೂ ಬದಲಿಸಬೇಕಾಗಲಿಲ್ಲ.

ಹಾಗಂತ ರಿಸರ್ವೇಶನ್ ಮಾಡಿಸಲೇ ಇಲ್ಲ ಅಂತಲ್ಲ. ಕಡ್ಡಾಯ ಅಲ್ಲದ ಕಡೆಯೂ ದೂರದ ಪ್ರಯಾಣಗಳಿಗೆ ಅಮ್ಮನ ಸಲುವಾಗಿ ಸೀಟು ಹಿಡಿದಿಟ್ಟೆವು. ಆಮ್‌ಸ್ಟರ್‌ಡ್ಯಾಮ್–ಬರ್ಲಿನ್ ಸುಮಾರು ಆರು ಗಂಟೆ, ಬೇಸಿಗೆಯ ಶುಕ್ರವಾರ ನಿಂತು ಹೋಗುವ ದಾರಿಯಲ್ಲ. ರಿಸರ್ವ್ ಆದ ಸೀಟಿನ ಮೇಲೆ ಯಾವ ಸ್ಟೇಷನ್‌ನಿಂದ ಯಾವ ಸ್ಟೇಷನ್‌ವರೆಗೆ ಅಂತ ಬರೆದಿರುತ್ತದೆ. ನಿಮ್ಮ ಪ್ರಯಾಣ ಅದರ ಆಚೆ ಬಿದ್ದರೆ ಆ ಸೀಟಿನಲ್ಲಿ ಆರಾಮಾಗಿ ಕೂರಬಹುದು.

ಪಾಸ್ ಇರುವುದು ಫೋನಿನಲ್ಲಿ, ರೈಲ್ ಪ್ಲಾನರ್ ಅನ್ನುವ ಆಪ್‌ನಲ್ಲಿ. ಮೂವರ ಪಾಸನ್ನೂ ತಮ್ಮನ ಫೋನಿಗೇ ಹಾಕಿದೆವು. ಹತ್ತುವ ಮೊದಲು ಆ ರೈಲನ್ನು ಆಪ್‌ನಲ್ಲಿ ಸೇರಿಸಿರಬೇಕು, ಆಗಲೇ ತೋರಿಸುವ ಕೋಡ್ ಬರುವುದು. ಹಾಗಾಗಿ ಪವರ್ ಬ್ಯಾಂಕ್ ಬಟ್ಟೆಗಿಂತ ಮುಖ್ಯ. ಟಿಕೆಟ್ ನೋಡುವವರು ಪಾಸ್‌ಪೋರ್ಟನ್ನೂ ಕೇಳಬಹುದು. ಶೆಂಗೆನ್ ಒಳಗೆ ಗಡಿ ಇಲ್ಲ ಅನ್ನುತ್ತಾರೆ, ಆದರೂ ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲ ನೆಲದ ಗಡಿಗಳಲ್ಲೂ ತಪಾಸಣೆ ನಡೆಸುತ್ತಿದೆ. ಪಾಸ್‌ಪೋರ್ಟ್ ಸೂಟ್‌ಕೇಸಿನ ತಳದಲ್ಲಿ ಇರಬಾರದು.

ವೇಳಾಪಟ್ಟಿಗೆ ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆಪ್ ಬಳಸಿದೆವು. ಜರ್ಮನಿಯದಾದರೂ ಅಕ್ಕಪಕ್ಕದ ದೇಶಗಳ ರೈಲುಗಳೂ ಅದರಲ್ಲಿ ಸಿಗುತ್ತವೆ. ಯೂರೋಪಿನ ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್ ಮಧ್ಯದಲ್ಲಿ ಬದಲಾಗುತ್ತದೆ, ಜೂನ್ ಮಧ್ಯದಲ್ಲೂ ಸ್ವಲ್ಪ ಬದಲಾವಣೆ ಇರುತ್ತದೆ. ಹಳೇ ವರ್ಷದ ಪ್ರವಾಸಿಗರ ಸಮಯ ನಂಬಬೇಡಿ. ಬೇಸಿಗೆಯಲ್ಲಿ ಹಳಿ ದುರಸ್ತಿ ಬೇರೆ ಇರುತ್ತದೆ. ಹ್ಯಾಂಬರ್ಗ್–ಬರ್ಲಿನ್ ಮಾರ್ಗವನ್ನು 2025ರ ಆಗಸ್ಟ್‌ನಿಂದ ತಿಂಗಳುಗಟ್ಟಲೆ ಪೂರ್ತಿ ಮುಚ್ಚಿದ್ದು ನೆನಪಿರಲಿ. 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಸಮಯಕ್ಕೆ ತಲುಪಿದವು ಶೇಕಡಾ 62.5 ಮಾತ್ರ. ಆರು ನಿಮಿಷದೊಳಗಿನ ತಡವನ್ನು ಅಲ್ಲಿ ತಡ ಅಂತ ಲೆಕ್ಕಕ್ಕೇ ಇಡುವುದಿಲ್ಲ ಅನ್ನುವುದು ಬೇರೆ. ಆಪ್ ಏಳು ನಿಮಿಷದ ಕನೆಕ್ಷನ್ ತೋರಿಸಿದರೂ ನಾವು ಅರ್ಧ ಗಂಟೆಗಿಂತ ಕಡಿಮೆ ಇದ್ದದ್ದನ್ನು ತಗೊಳ್ಳಲಿಲ್ಲ. ಆ ದಿನದ ಕೊನೆಯ ರೈಲನ್ನಂತೂ ಯಾವತ್ತೂ ನೆಚ್ಚಿಕೊಳ್ಳಲಿಲ್ಲ.

ಇನ್ನು ಹಳಿಗಳು. ಮೊದಲು ದಾರಿ ಆರಿಸಿದೆವು ಅಂದೆನಲ್ಲ, ಅದಕ್ಕೆ ಕಾರಣ ಇವು.

ಬರ್ಲಿನ್‌ನಿಂದ ಪ್ರಾಗ್‌ಗೆ ಹೋಗುವಾಗ ಡ್ರೆಸ್ಡೆನ್ ದಾಟಿದ ಮೇಲೆ ರೈಲು ಎಲ್ಬ ನದಿಯ ಪಕ್ಕದಲ್ಲೇ ಸಾಗುತ್ತದೆ. ಆಚೆ ದಡದಲ್ಲಿ ಎದ್ದು ನಿಂತ ಮರಳುಗಲ್ಲಿನ ಬಂಡೆಗಳು, ಕೆಳಗೆ ಚಿಕ್ಕ ಊರುಗಳು. ಪ್ರಾಗ್ ಕಡೆ ಹೋಗುವವರಿಗೆ ನದಿ ಎಡಗಡೆ. ಡ್ರೆಸ್ಡೆನ್ ಬರುವಷ್ಟರಲ್ಲಿ ಎಡಗಡೆಯ ಕಿಟಕಿ ಹಿಡಿದಿರಬೇಕು.

ವಿಯೆನ್ನಾದಿಂದ ಲುಬ್ಲಿಯಾನಾಕ್ಕೆ ನೇರ ರೈಲು ಇದೆ, ಸುಮಾರು ಆರು ಗಂಟೆ. ಅದು ಸೆಮ್ಮರಿಂಗ್ ಘಾಟಿ ಹತ್ತಿ ಹೋಗುತ್ತದೆ. ಎಂಜಿನಿಯರ್ ಕಾರ್ಲ್ ಫಾನ್ ಗೇಗಾ ಕಟ್ಟಿಸಿದ ಈ ಮಾರ್ಗ ಶುರುವಾದದ್ದು 1854ರಲ್ಲಿ. 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಎರಡಂತಸ್ತಿನ ಕಲ್ಲಿನ ಕಮಾನು ಸೇತುವೆಗಳ ಮೇಲೆ ಇವತ್ತಿಗೂ ದಿನನಿತ್ಯದ ರೈಲುಗಳು ಓಡುತ್ತಿವೆ. ಬೆಟ್ಟದ ಕೆಳಗೆ ಉದ್ದದ ಹೊಸ ಸುರಂಗ ಕೊರೆಯುತ್ತಿದ್ದಾರೆ. ಅದು ತೆರೆದ ಮೇಲೆ ವೇಗದ ರೈಲುಗಳು ಒಳಗಿಂದ ನುಗ್ಗಿ ಹೋಗುತ್ತವೆ. ನೋಡುವ ಆಸೆ ಇದ್ದವರು ಈಗಲೇ ಹೋಗಿ. ಲುಬ್ಲಿಯಾನಾದಿಂದ ಮುಂದೆ ಆಲ್ಪ್ಸ್ ದಾಟುವಾಗ 1906ರ ಕಾರವಾಂಕೆನ್ ಸುರಂಗ ಸಿಗುತ್ತದೆ. ಇನ್ಸ್‌ಬ್ರುಕ್‌ನಿಂದ ಸ್ವಿಟ್ಜರ್ಲೆಂಡ್ ಕಡೆಗೆ 1884ರ ಆರ್ಲ್‌ಬರ್ಗ್ ಸುರಂಗ, ಹತ್ತು ಕಿಲೋಮೀಟರ್‌ಗಿಂತ ಉದ್ದ.

ಎಲ್ಲಕ್ಕಿಂತ ನನ್ನ ಮನಸ್ಸು ಇದ್ದದ್ದು ಸ್ವಿಟ್ಜರ್ಲೆಂಡಿನಿಂದ ಆಲ್ಪ್ಸ್ ದಾಟಿ ಇಟಲಿಗೆ ಇಳಿಯುವ ಬರ್ನೀನಾ ಮಾರ್ಗದ ಮೇಲೆ. ಖೂರ್‌ನಲ್ಲಿ ಉಳಿದದ್ದೇ ಅದಕ್ಕೆ. ಬರ್ನೀನಾ ಎಕ್ಸ್‌ಪ್ರೆಸ್ ಅನ್ನುವ ದೊಡ್ಡ ಗಾಜಿನ ಬೋಗಿಗಳ ರೈಲಿಗೆ ರಿಸರ್ವೇಶನ್ ಬೇಕು, ಬೇಸಿಗೆಯಲ್ಲಿ ಬೇಗ ತುಂಬುತ್ತದೆ. ಆದರೆ ಅದೇ ಹಳಿಯ ಮೇಲೆ ಊರಿನವರು ಓಡಾಡುವ ಸಾಮಾನ್ಯ ರೈಲುಗಳೂ ಹೋಗುತ್ತವೆ. ಪಾಸ್ ಸಾಕು. ದಾರಿಯಲ್ಲಿ ರೈಲು ಬದಲಿಸಬೇಕು ಅಷ್ಟೇ. ಅವುಗಳ ಕೆಲವು ಬೋಗಿಗಳಲ್ಲಿ ಕಿಟಕಿ ಇಳಿಸಬಹುದು. ಗಾಜಿನ ಪ್ರತಿಬಿಂಬ ಇಲ್ಲದ ಫೋಟೋ, ಮುಖಕ್ಕೆ ಹಿಮದ ಗಾಳಿ. ದುಡ್ಡು ಜಾಸ್ತಿ ಕೊಟ್ಟವರಿಗೆ ಇದು ಸಿಗುವುದಿಲ್ಲ!

ಈ ಹಳಿ ಓಸ್ಪಿಜಿಯೋ ಬರ್ನೀನಾದಲ್ಲಿ 2,253 ಮೀಟರ್ ಎತ್ತರ ಮುಟ್ಟುತ್ತದೆ. ಅಲ್ಲಿಂದ ಸುಮಾರು 40 ಕಿಲೋಮೀಟರ್ ಒಳಗೆ ಇಟಲಿಯ ತಿರಾನೋಕ್ಕೆ, ಅಂದರೆ 429 ಮೀಟರ್‌ಗೆ ಇಳಿಯುತ್ತದೆ. ಅದೂ ಕಡಿದಾದ ಕಡೆ ರೈಲನ್ನು ಹಿಡಿದುಕೊಳ್ಳುವ ಹಲ್ಲು ಹಳಿಯ ಸಹಾಯವಿಲ್ಲದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ ನಮ್ಮ ರೈಲು ಐವತ್ತು ಅಡಿಗೆ ಒಂದು ಅಡಿ ಇಳಿಯುತ್ತದೆ, ಇಲ್ಲಿ ಹದಿನಾಲ್ಕು ಹದಿನೈದು ಅಡಿಗೇ ಒಂದು ಅಡಿ. ಬ್ರೂಸಿಯೋ ಹತ್ತಿರ ಕಲ್ಲಿನ ಸೇತುವೆ ಪೂರ್ತಿ ಒಂದು ಸುತ್ತು ಸುತ್ತುತ್ತದೆ. ರೈಲು ತನ್ನದೇ ಸೇತುವೆಯ ಕಮಾನಿನ ಕೆಳಗೆ ನುಸುಳಿ ಹೊರಬರುತ್ತದೆ. ಮೇಲೆ ಜೂನ್‌ನಲ್ಲೂ ಹಿಮ, ಕೆಳಗೆ ಬಂದರೆ ಬೆವರು. ಒಂದೇ ದಿನಕ್ಕೆ ಸ್ವೆಟರ್ರೂ ಬೇಕು, ಹತ್ತಿ ಬಟ್ಟೆಯೂ ಬೇಕು. ತಿರಾನೋದಲ್ಲಿ ರೈಲು ರಸ್ತೆಗೇ ಇಳಿದು, ಚರ್ಚಿನ ಮುಂದಿನ ಚೌಕ ದಾಟಿ, ಕಾರುಗಳ ಪಕ್ಕದಲ್ಲೇ ಹೋಗುತ್ತದೆ. ಅಮ್ಮ ಇಡೀ ದಾರಿ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. "ಅಕ್ಕ, ವಾಪಸ್ಸೂ ಇದರಲ್ಲೇ ಹೋಗೋಣ" ಅಂದ ತಮ್ಮ. ಪಾಸಿನ ಒಂದು ದಿನದಲ್ಲಿ ಎಷ್ಟು ರೈಲು ಬೇಕಾದರೂ ಹತ್ತಬಹುದು. ಹೋದದ್ದಕ್ಕೂ ಬಂದದ್ದಕ್ಕೂ ಸೇರಿ ಖರ್ಚಾದದ್ದು ಒಂದೇ ದಿನ.

ರಾತ್ರಿ ರೈಲು ನಮ್ಮ ಯೋಜನೆಯಲ್ಲಿ ಇರಲಿಲ್ಲ. ಹೋಟೆಲ್ ಖರ್ಚು ಉಳಿಯುತ್ತದೆ ಅಂತ ಹೇಳುತ್ತಾರೆ. ಆದರೆ ನೈಟ್‌ಜೆಟ್ ಅನ್ನುವ ರಾತ್ರಿ ರೈಲುಗಳಲ್ಲಿ ಮಲಗುವ ಜಾಗಕ್ಕೆ ಪಾಸ್ ಇದ್ದವರೂ ಬೇರೆ ದುಡ್ಡು ಕೊಡಬೇಕು, ಬೇಸಿಗೆಗೆ ಬಹಳ ಮೊದಲೇ ಮಾಡಿಸಬೇಕು. ಅದಕ್ಕಿಂತ ಹೆಚ್ಚಾಗಿ, ಆಲ್ಪ್ಸ್ ಅನ್ನು ಕತ್ತಲಲ್ಲಿ ದಾಟುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಜೂನ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಹಗಲೆಲ್ಲ ಪ್ರಯಾಣ ಮಾಡಿ ಸಂಜೆ ಇಳಿದರೂ ಊರು ಸುತ್ತಲು ಬೆಳಕು ಇದ್ದೇ ಇರುತ್ತದೆ.

ಸಾಮಾನಿನ ನಿಯಮ ಕಟ್ಟುನಿಟ್ಟು: ಒಬ್ಬರಿಗೆ ಒಂದು ಚಿಕ್ಕ ಸೂಟ್‌ಕೇಸ್, ಬೆನ್ನಿಗೆ ಒಂದು ಬ್ಯಾಗ್. ಅಲ್ಲಿ ಕೂಲಿಗಳು ಇಲ್ಲ, ಬೋಗಿಗೆ ಮೆಟ್ಟಿಲು ಇರುತ್ತದೆ. ಬಟ್ಟೆ ಒಗೆಯಲು ವಾಷಿಂಗ್ ಮಷಿನ್ ಇರುವ ಮನೆಗಳನ್ನೇ ಆರಿಸಿದೆವು, ಸ್ಟೇಷನ್‌ಗೆ ಹತ್ತಿರ, ಲಿಫ್ಟ್ ಇರುವಂಥವು. ಅಡುಗೆಮನೆ ಇದ್ದದ್ದರಿಂದ ಊಟದ ಚಿಂತೆ ಅರ್ಧ ಕಳೆಯಿತು. ಅವಲಕ್ಕಿ, ರವೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಊರಿಂದ ಬಂದಿತ್ತು. ಹಾಲು, ಮೊಸರು, ತರಕಾರಿ, ಹಣ್ಣು ಅಲ್ಲಿಯದು. ಒಂದು ಮುಖ್ಯ ಮಾತು: ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ. ದೊಡ್ಡ ಸ್ಟೇಷನ್‌ಗಳ ಒಳಗಿನ ಅಂಗಡಿ ಮಾತ್ರ ತೆರೆದಿರುತ್ತದೆ. ಶನಿವಾರ ಸಂಜೆಯೇ ಸಾಮಾನು ತಂದಿಟ್ಟುಕೊಳ್ಳಿ. ಹಬ್ಬದ ರಜೆಗಳನ್ನೂ ನೋಡಿಕೊಳ್ಳಿ. ಆಗಸ್ಟ್ 15 ಆಸ್ಟ್ರಿಯಾ, ಇಟಲಿ, ಸ್ಲೊವೇನಿಯಾದಲ್ಲೂ ರಜೆ.

ದುಡ್ಡಿನ ವಿಷಯದಲ್ಲಿ, ಜೆಕ್ ದೇಶದಲ್ಲಿ ಕೊರುನಾ, ಹಂಗೇರಿಯಲ್ಲಿ ಫೋರಿಂಟ್, ಸ್ವಿಟ್ಜರ್ಲೆಂಡ್‌ನಲ್ಲಿ ಫ್ರಾಂಕ್. ಉಳಿದ ಕಡೆ ಯೂರೋ. ಕಾರ್ಡ್ ಹೆಚ್ಚಿನ ಕಡೆ ನಡೆಯುತ್ತದೆ, ಸ್ಟೇಷನ್ ಟಾಯ್ಲೆಟ್‌ಗೆ ಚಿಲ್ಲರೆ ಬೇಕಾಗಬಹುದು. ರೈಲಿನೊಳಗಿನದು ಉಚಿತ, ಇಳಿಯುವ ಮೊದಲೇ ಹೋಗಿಬನ್ನಿ.

ವಿಮಾನದ ಹಿಂದಿನ ರಾತ್ರಿಯನ್ನು ಮ್ಯೂನಿಕ್‌ನಲ್ಲೇ ಕಳೆದೆವು. ಸ್ವಿಟ್ಜರ್ಲೆಂಡಿನಿಂದ ಅದೇ ದಿನ ಬಂದು ವಿಮಾನ ಹತ್ತಬಹುದಿತ್ತು, ಆದರೆ ರೈಲನ್ನು ನಂಬಿ ಅಷ್ಟು ದೊಡ್ಡ ಟಿಕೆಟ್ ಪಣಕ್ಕಿಡುವುದು ಬೇಡ ಅನಿಸಿತು. ಏರ್‌ಪೋರ್ಟ್‌ಗೆ ಎಸ್1, ಎಸ್8 ಎರಡೂ ಲೋಕಲ್ ರೈಲುಗಳು ಹೋಗುತ್ತವೆ. ಅವುಗಳಲ್ಲೂ ಪಾಸ್ ನಡೆಯುತ್ತದೆ. ಅಷ್ಟಕ್ಕೆ ಪಾಸಿನ ಒಂದು ದಿನ ಖರ್ಚು ಮಾಡುವ ಬದಲು ಟಿಕೆಟ್ ಕೊಂಡರೆ ಲಾಭ.

ಪ್ಯಾರಿಸ್, ಬಾರ್ಸಿಲೋನಾ, ರೋಮ್ ಬೇಕೇ ಬೇಕು ಅನ್ನುವವರಿಗೆ ನನ್ನ ಸಲಹೆ ಬೇರೆ. ಅವನ್ನು ಈ ಪಾಸಿನೊಳಗೆ ತುರುಕಬೇಡಿ. ಆ ಮೂರು ದೇಶಗಳಿಗೆ ಬೇರೆಯೇ ಒಂದು ಪ್ರವಾಸ ಇಟ್ಟುಕೊಳ್ಳಿ. ದಿನ ಗೊತ್ತು ಮಾಡಿ, ವೇಗದ ರೈಲುಗಳ ಬಿಡಿ ಟಿಕೆಟ್‌ಗಳನ್ನು ಮಾರಾಟ ಶುರುವಾದ ಕೂಡಲೇ ಕೊಳ್ಳಿ. ಅಲ್ಲಿ ಅಗ್ಗವಾಗುವುದು ಅದೇ. ನಾವೂ ಮುಂದಿನ ಸಲ ಹಾಗೇ ಹೋಗುತ್ತೇವೆ, ಬಿಸಿಲು ಕಡಿಮೆ ಇರುವ ಅಕ್ಟೋಬರ್‌ನಲ್ಲಿ.