ಕಂಬಳದ ಕೋಣದ ಕಿವಿಯಿಂದ ಕಾಂಡಕೋಶ ಪಡೆಯುವುದು ಹೇಗೆ?

ಪ್ರಾಣಿಯ ಬಲಿತ ಜೀವಕೋಶವನ್ನು ಮತ್ತೆ, ದೇಹದ ಯಾವುದೇ ಬಗೆಯ ಕೋಶವಾಗಿ ಬೆಳೆಯಬಲ್ಲ ಭ್ರೂಣದ ಕಾಂಡಕೋಶದ (ಸ್ಟೆಮ್ ಸೆಲ್) ಸ್ಥಿತಿಗೆ ಒಯ್ಯುವ ವಿಧಾನವನ್ನು ಜಪಾನಿನ ಶಿನ್ಯಾ ಯಮನಾಕಾ ಮತ್ತು ಕಾಜುತೋಶಿ ತಕಾಹಾಶಿ 2006ರಲ್ಲಿ ಇಲಿಯ ಕೋಶಗಳಲ್ಲಿ ತೋರಿಸಿಕೊಟ್ಟರು. ಮರುವರ್ಷ ಅದು ಮನುಷ್ಯನ ಕೋಶಗಳಲ್ಲೂ ಫಲಿಸಿತು; ಆಮೇಲೆ ಹಂದಿ, ನಾಯಿ, ಕುದುರೆ, ಹಸು, ಎಮ್ಮೆಗಳ ಸರದಿ ಬಂತು. ಮಂಗಳೂರು, ಉಡುಪಿಯವರಿಗೆ ಚಿರಪರಿಚಿತವಾದ ಕಂಬಳದ ಕೋಣವನ್ನೇ ಉದಾಹರಣೆಯಾಗಿಟ್ಟುಕೊಂಡು ಇದರ ಹಂತಗಳನ್ನು ನೋಡೋಣ.

ಮೊದಲ ಹಂತ ಪಶುವೈದ್ಯರದು. ಅವರು ಕಿವಿಯಂಚಿನಿಂದ ಕಾಳುಮೆಣಸಿನಷ್ಟು ಚರ್ಮ ತೆಗೆದು, ಆ್ಯಂಟಿಬಯೋಟಿಕ್ ಬೆರೆಸಿದ ತಣ್ಣನೆಯ ದ್ರಾವಣದಲ್ಲಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಕೆಸರಿನಲ್ಲಿ ಓಡುವ ಪ್ರಾಣಿಯಾದ್ದರಿಂದ, ರೋಮ ಬೋಳಿಸಿ ಸ್ಪಿರಿಟ್‌ನಿಂದ ಒರೆಸುವಲ್ಲಿ ಉದಾಸೀನ ಮಾಡಿದರೆ ಮುಂದೆ ತಟ್ಟೆಯಲ್ಲಿ ಬೆಳೆಯುವುದು ಶಿಲೀಂಧ್ರವೇ.

ಎರಡನೆಯದಾಗಿ, ಚರ್ಮವನ್ನು ಸಣ್ಣಗೆ ಹೆಚ್ಚಿ ಪೋಷಕ ದ್ರವದಲ್ಲಿಟ್ಟರೆ ಒಂದೆರಡು ವಾರಗಳಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಚರ್ಮದ ಕೋಶಗಳು ಹೊರಬಂದು ಹರಡುತ್ತವೆ. ಮೂರನೆಯದಾಗಿ, ಆಕ್ಟ್-4, ಸಾಕ್ಸ್-2, ಕೆಎಲ್‌ಎಫ್-4, ಸಿ-ಮಿಕ್ ಎಂಬ, ಕೋಶವನ್ನು ಕಾಂಡಕೋಶದ ಸ್ಥಿತಿಗೆ ಮರಳಿಸುವ ನಾಲ್ಕು ವಂಶವಾಹಿಗಳನ್ನು ಮಾರ್ಪಡಿಸಿದ ವೈರಸ್‌ನ ಮೂಲಕ ಅವುಗಳೊಳಗೆ ಸೇರಿಸುತ್ತಾರೆ.

ನಿಜವಾದ ಕಷ್ಟ ಇಲ್ಲಿಂದ ಆರಂಭ. ಇಲಿಯ ಕಾಂಡಕೋಶವನ್ನು ಕಾಯ್ದಿಡುವ ಪ್ರೋಟೀನು ಬೇರೆ, ಮನುಷ್ಯ ಮತ್ತು ಮಂಗಗಳ ಕೋಶಕ್ಕೆ ಬೇಕಾದುದು ಬೇರೆ. ದನ, ಹಂದಿಗಳ ಕೋಶಗಳಿಗೆ ಎರಡನ್ನೂ ಬೆರೆಸಿ ನೋಡಿದವರಿದ್ದಾರೆ. ಹೊರಗಿನಿಂದ ಸೇರಿಸಿದ ವಂಶವಾಹಿಗಳು ಕೆಲಸ ಮುಗಿದ ಮೇಲೆ ಸುಮ್ಮನಾಗಬೇಕು. ಇಲಿಯಲ್ಲಿ ಹಾಗಾಗುತ್ತದೆ, ಸಾಕುಪ್ರಾಣಿಗಳಲ್ಲಿ ಅನೇಕ ಸಲ ಆಗುವುದಿಲ್ಲ. ಅವು ನಿಂತೊಡನೆ ಕಾಂಡಕೋಶದ ಗುಣವೂ ಕಳೆದುಹೋಗುವುದಾದರೆ, ಆ ಕೋಶವನ್ನು ಯಶಸ್ಸೆಂದು ಲೆಕ್ಕ ಹಾಕುವುದು ನನ್ನ ಮಟ್ಟಿಗೆ ಆತುರದ ಮಾತು.

ಹೀಗೆ ಬದಲಾಗಿ ಗುಂಪುಗೂಡಿದ ಕೋಶಗಳನ್ನು ಆರಿಸಿದ ಮೇಲೆ ಪರೀಕ್ಷೆಗಳಿವೆ. ನದಿ ವರ್ಗದ ಎಮ್ಮೆಯಾದರೆ 50 ವರ್ಣತಂತುಗಳೂ ಸರಿಯಾಗಿರಬೇಕು; ನರ, ಸ್ನಾಯು, ಕರುಳಿನ ಬಗೆಯ ಕೋಶಗಳಾಗಿ ಬೆಳೆಯುವ ಶಕ್ತಿಯೂ ಇರಬೇಕು.

ಇದರಿಂದ ಗೆದ್ದ ಕೋಣದ ಪಡಿಯಚ್ಚು ಸಿಗುತ್ತದೆಯೇ ಎಂದು ಯಜಮಾನರು ಕೇಳಬಹುದು. ಇಲ್ಲ, ಅದು ಕ್ಲೋನಿಂಗ್, ಬೇರೆಯೇ ವಿಧಾನ. ಕಾಂಡಕೋಶದ ಉಪಯೋಗಗಳೆಂದರೆ ರೋಗಗಳ ಅಧ್ಯಯನ, ಔಷಧಗಳ ಪರೀಕ್ಷೆ, ಕುದುರೆಯ ಕಾಲಿನ ಸ್ನಾಯುರಜ್ಜು ದುರಸ್ತಿಯಂತಹ ಚಿಕಿತ್ಸೆಗಳ ಸಂಶೋಧನೆ ಮತ್ತು ಅಳಿಯುತ್ತಿರುವ ಪ್ರಾಣಿಗಳ ಸಂರಕ್ಷಣೆ. ಎರಡು ಹೆಣ್ಣುಗಳಷ್ಟೇ ಉಳಿದಿರುವ ಉತ್ತರದ ಬಿಳಿ ಘೇಂಡಾಮೃಗದ ಇಂತಹ ಕೋಶಗಳು 2011ರಲ್ಲೇ ಸಿದ್ಧವಾದವು. ಅವುಗಳಿಂದ ಅಂಡಾಣು ಪಡೆಯುವ ಪ್ರಯತ್ನ ನಡೆದಿದೆ. ಆ ಕೆಲಸಕ್ಕೆ ಮೂಲ, ಸ್ಯಾನ್ ಡಿಯಾಗೊ ಮೃಗಾಲಯ ಮೊದಲೇ ಶೈತ್ಯದಲ್ಲಿರಿಸಿದ್ದ ಚರ್ಮದ ಕೋಶಗಳು. ನಾವೂ ಎರಡನೆಯ ಹಂತದಲ್ಲೇ ನಿಲ್ಲಿಸಿ, ಕೋಣದ ಕೋಶಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರಿಸಿಕೊಳ್ಳಬಹುದು.