ಹಾಯಿದೋಣಿ ಕಾಕ್‌ಪಿಟ್‌ಗೆ ತೇಗದ ಹಲಗೆ: ಸೋರೋದು ನಿಂತಿದ್ದು ಹೇಗೆ

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಿಲ್ಸಿರೋ ನಮ್ಮ 27 ಅಡಿ ಫೈಬರ್‌ಗ್ಲಾಸ್ ದೋಣೀಲಿ ಮಳೆ ಬಂದ್ರೆ ಸೀಟಿನ ಕೆಳಗಿನ ಲಾಕರ್‌ಗೆ ನೀರು ತೊಟ್ಟಿಕ್ತಿತ್ತು, ಕಾಕ್‌ಪಿಟ್ (ಕೂತು ದೋಣಿ ನಡೆಸೋ ತಗ್ಗು ಜಾಗ) ನೆಲ ತುಳಿದ್ರೆ ಮೆತ್ತಗೆ, ಹಲಗೆ ಸಂದಿನ ಕಪ್ಪು ರಬ್ಬರ್ ಒಂದು ಬದಿ ಬಿಟ್ಕೊಂಡು ಉಗುರು ಹಾಕಿದ್ರೆ ಉದ್ದಕ್ಕೆ ಎದ್ದು ಬರ್ತಿತ್ತು.

ಸಿಲಿಕೋನ್ ಹಚ್ಚಿದೆ, ಎರಡೇ ತಿಂಗಳು. ಅದನ್ನಂತೂ ಹಚ್ಚಲೇಬೇಡಿ, ಆಮೇಲೆ ಅಲ್ಲಿ ಬೇರೇನೂ ಅಂಟಲ್ಲ. ಹಲಗೆ ಹಿಡಿದಿದ್ದ ಸ್ಕ್ರೂ ಬಿಗಿ ಮಾಡ್ದೆ, ಸಂದು ಕೆರೆದು ಹೊಸ ರಬ್ಬರ್ ತುಂಬ್ದೆ, ಪ್ರಯೋಜನ ಆಗ್ಲಿಲ್ಲ. ನೀರು ಇಳೀತಿದ್ದಿದ್ದು ಸ್ಕ್ರೂ ತೂತಿಂದ, ಫೈಬರ್‌ಗ್ಲಾಸಿನ ಎರಡು ಪದರದ ನಡುವಿನ ಹಗುರ ಬಾಲ್ಸಾ ಮರ ನೆಂದು ಕಪ್ಪು ಗೊಜ್ಜಾಗಿತ್ತು.

ಹಲಗೆ ಎಲ್ಲಾ ಕಿತ್ತು ಕೊಳೆತ ಕಡೆ ಮೇಲಿನ ಪದರ ಕತ್ತರಿಸಿ ಹೊಸ ಬಾಲ್ಸಾ ಕೂರಿಸಿ ಮೇಲೆ ಫೈಬರ್‌ಗ್ಲಾಸ್ ಹಾಕ್ದೆ. ಉಳಿದ ಸ್ಕ್ರೂ ತೂತನ್ನ 12 ಮಿಮೀಗೆ ಅಗಲಿಸಿ (ಕೆಳ ಪದರ ದಾಟಬಾರದು) ಮೊದಲು ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದ್ರೆ ಗಟ್ಟಿಯಾಗೋ ಅಂಟು), ಅದರ ಮೇಲೆ ಸಿಲಿಕಾ ಪುಡಿ ಬೆರೆಸಿದ ಗಟ್ಟಿ ಎಪಾಕ್ಸಿ.

ಹೊಸ 10 ಮಿಮೀ ತೇಗಕ್ಕೆ ಒಂದೂ ಸ್ಕ್ರೂ ಇಲ್ಲ. ಅಡಿಭಾಗ 80 ನಂಬರ್ ಕಾಗದದಲ್ಲಿ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ (ತೇಗದ ಎಣ್ಣೆ ಹೋಗ್ಬೇಕು), ಗಟ್ಟಿ ಎಪಾಕ್ಸೀಲಿ ಅಂಟಿಸಿ ಮೇಲೆ ಮರಳು ಚೀಲ, 24 ಗಂಟೆ.

ಮುಖ್ಯ ಇರೋದು ಸಂದಲ್ಲಿ. 5 ಮಿಮೀ ಅಗಲ, 6 ಮಿಮೀ ಆಳ. ಮತ್ತೆ ಅಸಿಟೋನ್, ಅರ್ಧ ಗಂಟೆ ಒಣಗ್ಲಿ, ತಳಕ್ಕೆ ಮಾತ್ರ ಅಂಟು ಹಿಡಿಯದ ಟೇಪ್, ಎರಡು ಗೋಡೆಗೆ ಪ್ರೈಮರ್ (ರಬ್ಬರ್ ಅಂಟೋಕೆ ಮೊದಲು ಹಚ್ಚೋ ಲೇಪ), ಒಂದು ಗಂಟೆ ಬಿಟ್ಟು ನಳಿಕೆಯಿಂದ ಮೆತ್ತನೆ ರಬ್ಬರ್. ಮರ ಹಿಗ್ಗಿ ಕುಗ್ಗುವಾಗ ರಬ್ಬರ್ ಎಳೆದುಕೊಳ್ಬೇಕು, ತಳಕ್ಕೂ ಅಂಟಿದ್ರೆ ಗೋಡೆ ಬಿಟ್ಟುಬಿಡುತ್ತೆ, ನಂದು ಎದ್ದು ಬರ್ತಿದ್ದಿದ್ದು ಇದಕ್ಕೇ. ನಳಿಕೆ ತುದಿ ಟೇಪ್‌ಗೆ ತಾಗಿಸಿ ತಳದಿಂದ ತುಂಬ್ತಾ ಬನ್ನಿ, ಗಾಳಿ ಗುಳ್ಳೆ ಉಳಿಯಲ್ಲ. ಒಂದು ವಾರ ಮುಟ್ಟದೆ ಬಿಟ್ಟು ಆಮೇಲೆ ಉಜ್ಜಿ ಸಮ ಮಾಡಿ. ಒಂದು ಚಳಿಗಾಲ ಪೂರ್ತಿ ಮಳೆ ಹೊಡೆದ್ರೂ ಲಾಕರ್‌ನಲ್ಲಿಟ್ಟ ಹಳೆ ಪೇಪರ್ ಒಣಗೇ ಇದೆ.