ಹೊಸ ಫೋನು, ಹಳೆಯ ನಂಬರು: ರಾಯಚೂರು ಸೀಮೆಯವರಿಗೊಂದು ಕೈಪಿಡಿ

ಮಾನ್ವಿ ತಾಲ್ಲೂಕಿನ ಊರಿನಲ್ಲಿರುವ ಅಪ್ಪನಿಗೆ ಮೊದಲ ಸ್ಮಾರ್ಟ್‌ಫೋನನ್ನು ರಾಯಚೂರಿನ ಒಂದು ಅಂಗಡಿಯಲ್ಲಿ ಕೊಡಿಸಿದಾಗ, ಅಲ್ಲಿದ್ದ ಹುಡುಗ ಐದೇ ನಿಮಿಷದಲ್ಲಿ ಎಲ್ಲವನ್ನೂ ಚಾಲೂ ಮಾಡಿ ಕೈಗಿಟ್ಟಿದ್ದ. ಕೆಲವು ತಿಂಗಳ ನಂತರ ಅಪ್ಪ ಪ್ಯಾಟರ್ನ್ ಮರೆತರು. ಪರಿಚಯದವರೊಬ್ಬರು ಪಕ್ಕದ ಬಟನ್‌ಗಳನ್ನು ಒತ್ತಿ ಹಿಡಿದು ಫೋನನ್ನು ರೀಸೆಟ್ ಮಾಡಿದರು. ಆಗ ಅದು ಹಿಂದೆ ಇದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳತೊಡಗಿತು. ಆ ಖಾತೆ ಅಪ್ಪನದಾಗಿರಲಿಲ್ಲ. ಅಂಗಡಿಯ ಹುಡುಗ ಕೆಲಸ ಬೇಗ ಮುಗಿಯಲೆಂದು ತನ್ನದೇ ಖಾತೆಯನ್ನು ಹಾಕಿಕೊಟ್ಟಿದ್ದ ಮತ್ತು ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದ. ಬಿಲ್ ಇದ್ದರೂ, ಸಿಮ್ ಇದ್ದರೂ, ಫೋನು ಮಾತ್ರ ತೆರೆದುಕೊಳ್ಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಹೊಸ ಫೋನು ಕೊಂಡರೂ ನಾನು ಪಕ್ಕದಲ್ಲಿ ಕುಳಿತು, ಫೋನು, ಸಿಮ್, ಖಾತೆ ಮೂರೂ ಬಳಸುವವರ ಹೆಸರಿನಲ್ಲಿಯೇ ಇರುವಂತೆ ನೋಡಿಕೊಳ್ಳುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಫೋನಿಗಿಂತ ಮೊದಲು ನೆಟ್‌ವರ್ಕ್

ಯಾವ ಕಂಪನಿಯ ಸಿಮ್ ಒಳ್ಳೆಯದು ಎಂಬ ಪ್ರಶ್ನೆಗೆ ಇಡೀ ಜಿಲ್ಲೆಗೆ ಒಂದೇ ಉತ್ತರವಿಲ್ಲ. ರಾಯಚೂರು ಪೇಟೆಯ ತೀನ್ ಕಂದೀಲ್ ಬಳಿ ನಿಂತಾಗ ನಾಲ್ಕೂ ಕಂಪನಿಗಳ ಸಿಗ್ನಲ್ ತುಂಬಿ ಬರಬಹುದು, ಆದರೆ ದೇವದುರ್ಗದ ಕಡೆಯ ಹೊಲದಲ್ಲಿ ಅದೇ ಸಿಮ್ ಮಾತಿನ ನಡುವೆ ಕಡಿದುಹೋಗಬಹುದು. ನಮ್ಮ ಭಾಗದ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆಗಳು ಬಿಸಿಲನ್ನು ತಡೆಯುವಂತೆ ಸಿಗ್ನಲ್ಲನ್ನೂ ತಡೆಯುತ್ತವೆ. ಅಂಗಳದಲ್ಲಿ ಮೂರು ಗೀಟು ತೋರಿಸುವ ಫೋನು ಪಡಸಾಲೆಗೆ ಬಂದ ಕೂಡಲೇ ಒಂದಕ್ಕೆ ಇಳಿಯುವುದು ಇದೇ ಕಾರಣಕ್ಕೆ. ಆದುದರಿಂದ ಬೇರೆ ಬೇರೆ ಕಂಪನಿಯ ಸಿಮ್ ಇರುವ ಇಬ್ಬರು ಮೂವರು ನೆಂಟರನ್ನೋ ನೆರೆಯವರನ್ನೋ ಕರೆದು, ನೀವು ದಿನದ ಹೆಚ್ಚು ಹೊತ್ತು ಕಳೆಯುವ ಜಾಗಗಳಲ್ಲಿ, ಅಂದರೆ ಮಲಗುವ ಕೋಣೆ, ಹೊಲದ ಪಂಪ್‌ಸೆಟ್, ಅಂಗಡಿ ಇಂಥ ಕಡೆಗಳಲ್ಲಿ ನಿಂತು ಕರೆ ಮಾಡಿಸಿ, ಒಂದು ವಿಡಿಯೋ ತೆರೆಸಿ ನೋಡಿರಿ. ಸಂಜೆ ಎಂಟರ ಸುಮಾರಿಗೆ ಎಲ್ಲರೂ ಫೋನು ಹಿಡಿದಿರುವ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿದರೆ ನಿಜವಾದ ವೇಗ ಗೊತ್ತಾಗುತ್ತದೆ. ಈ ಪರೀಕ್ಷೆಗೆ ಒಂದು ದಿನ ಹಿಡಿದರೂ ಚಿಂತೆಯಿಲ್ಲ, ಏಕೆಂದರೆ ತಪ್ಪು ಕಂಪನಿಯನ್ನು ಆರಿಸಿಕೊಂಡರೆ ಮುಂದಿನ 90 ದಿನ ಅಲ್ಲಿಂದ ಹೊರಬರಲು ನಿಯಮವೇ ಬಿಡುವುದಿಲ್ಲ.

ಫೋನಿಗೂ ನೆಟ್‌ವರ್ಕಿಗೂ ಹೊಂದಾಣಿಕೆ ಇರಬೇಕು. ಜಿಯೋಗೆ 2ಜಿ, 3ಜಿ ಇಲ್ಲವಾದ್ದರಿಂದ ಫೋನಿನಲ್ಲಿ ವೋಲ್ಟ್‌ಇ, ಅಂದರೆ 4ಜಿ ಮೂಲಕವೇ ಕರೆ ಮಾಡುವ ಸೌಲಭ್ಯ ಇರಲೇಬೇಕು. ಈಗಿನ ಎಲ್ಲ ಹೊಸ ಸ್ಮಾರ್ಟ್‌ಫೋನುಗಳಲ್ಲಿಯೂ ಅದು ಇರುತ್ತದೆ. ಬಿಎಸ್‌ಎನ್‌ಎಲ್‌ನ 4ಜಿ ಸೇವೆ 700 ಮತ್ತು 2100 ಮೆಗಾಹರ್ಟ್ಸ್ ತರಂಗಗಳಲ್ಲಿ ನಡೆಯುತ್ತದೆ. ಬೇರೆಯವರು ಬಳಸಿದ ಹಳೆಯ ಫೋನನ್ನು ಕೊಳ್ಳುವವರು, 700 ಮೆಗಾಹರ್ಟ್ಸ್‌ನದಾದ ‘ಬ್ಯಾಂಡ್ 28’ ಅದರಲ್ಲಿದೆಯೇ ಎಂದು ವಿವರಪಟ್ಟಿಯಲ್ಲಿ ನೋಡಿಕೊಳ್ಳಬೇಕು. 5ಜಿ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನಿಮ್ಮ ಊರಿನಲ್ಲಿ ಅದರ ಸಿಗ್ನಲ್ ಸಿಗದಿದ್ದರೆ, ಅದಕ್ಕೆಂದೇ ಹೆಚ್ಚಿನ ದುಡ್ಡು ಕೊಡಬೇಕಾಗಿಲ್ಲ.

ಅಂಗಡಿಯಲ್ಲಿ

ಡಬ್ಬಿಯ ಸೀಲನ್ನು ನಿಮ್ಮ ಕಣ್ಣೆದುರಿಗೆ ಒಡೆಸಿರಿ. ಫೋನನ್ನು ಆನ್ ಮಾಡಿ, ಕರೆ ಮಾಡುವ ಜಾಗದಲ್ಲಿ *#06# ಒತ್ತಿದರೆ 15 ಅಂಕೆಗಳ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಕಾಣಿಸುತ್ತದೆ. ಎರಡು ಸಿಮ್‌ನ ಫೋನಾದರೆ ಎರಡು ಸಂಖ್ಯೆಗಳಿರುತ್ತವೆ. ಪರದೆಯ ಮೇಲಿನದು, ಡಬ್ಬಿಯ ಮೇಲಿನದು, ಬಿಲ್ಲಿನಲ್ಲಿ ಬರೆದದ್ದು ಮೂರೂ ಒಂದೇ ಆಗಿರಬೇಕು. ಬಿಲ್ಲಿನಲ್ಲಿ ಐಎಂಇಐ ಇಲ್ಲದಿದ್ದರೆ ಬರೆಸಿಕೊಳ್ಳಿರಿ. ಬಳಸಿದ ಫೋನನ್ನು ಕೊಳ್ಳುವುದಾದರೆ, ದುಡ್ಡು ಕೊಡುವ ಮೊದಲು ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಜಾಗ ಬಿಟ್ಟು, ಐಎಂಇಐ ಸಂಖ್ಯೆಯನ್ನು ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿರಿ. ಕಳವಾಗಿದೆಯೆಂದು ಬ್ಲಾಕ್ ಆದ ಫೋನಾಗಿದ್ದರೆ ಉತ್ತರದಲ್ಲಿಯೇ ತಿಳಿಯುತ್ತದೆ.

ಕಂತಿನ ಮೇಲೆ ಕೊಳ್ಳುವವರಿಗೆ ಒಂದು ಮಾತು. ಬಡ್ಡಿಯಿಲ್ಲದ ಇಎಂಐ ಎಂದು ಹೇಳಿದರೂ ಪ್ರೊಸೆಸಿಂಗ್ ಶುಲ್ಕ, ವಿಮೆ ಎಂದು ಅದಕ್ಕೆ ಸೇರಿಸುವುದುಂಟು. ಎಲ್ಲ ಕಂತುಗಳನ್ನೂ ಮುಂಗಡವನ್ನೂ ಕೂಡಿಸಿ ನಗದು ಬೆಲೆಯ ಪಕ್ಕದಲ್ಲಿಟ್ಟು ನೋಡಿರಿ. ಕೆಲವು ಸಾಲದ ಫೋನುಗಳಲ್ಲಿ ಕಂತು ತಪ್ಪಿದರೆ ಫೋನನ್ನೇ ಲಾಕ್ ಮಾಡುವ ಆ್ಯಪ್ ಹಾಕಿರುತ್ತಾರೆ; ಹಾಗಿದೆಯೇ, ಸಾಲ ತೀರಿದ ಮೇಲೆ ಅದನ್ನು ಯಾರು ತೆಗೆಯುತ್ತಾರೆ ಎಂದು ಸಹಿ ಹಾಕುವ ಮೊದಲೇ ಕೇಳಿರಿ.

ಹೊಸ ಸಿಮ್ ತೆಗೆದುಕೊಳ್ಳುವಾಗ ಈಗ ಕಾಗದದ ಅರ್ಜಿಯಿಲ್ಲ. 2024ರ ಜನವರಿ 1ರಿಂದ ಎಲ್ಲವೂ ಡಿಜಿಟಲ್ ಕೆವೈಸಿ, ಅಂದರೆ ಕಾಗದವಿಲ್ಲದ ಗುರುತಿನ ಪರಿಶೀಲನೆ. ಹೆಬ್ಬೆಟ್ಟಿನ ಗುರುತು ಕೊಡುವವರು ಇಲ್ಲಿ ಬಹಳ ಎಚ್ಚರವಾಗಿರಬೇಕು. ಹತ್ತಿ ಬಿಡಿಸಿ, ನಾಟಿ ಮಾಡಿ ಸವೆದ ಬೆರಳುಗಳ ಗುರುತು ಯಂತ್ರಕ್ಕೆ ಮೊದಲ ಸಲಕ್ಕೆ ಸಿಗದಿರುವುದು ನಿಜವೇ. ಆದರೆ ‘ಬರವಲ್ದು ಯಜಮಾನ್ರ, ಇನ್ನೊಮ್ಮಿ ಬೆಟ್ಟು ಇಡ್ರಿ’ ಎಂದು ಎರಡನೆಯ ಸಲ ಒತ್ತಿಸಿಕೊಂಡು, ಅದೇ ಹೆಸರಿನಲ್ಲಿ ಮತ್ತೊಂದು ಸಿಮ್ ತೆಗೆದು ಮೋಸಗಾರರಿಗೆ ಮಾರುವುದೂ ನಡೆದಿದೆ. ಪ್ರತಿ ಸಲವೂ ಯಂತ್ರದ ಪರದೆಯನ್ನು ನಿಮ್ಮ ಕಡೆಗೆ ತಿರುಗಿಸಲು ಹೇಳಿ, ಮೊದಲನೆಯದು ವಿಫಲವಾದದ್ದನ್ನು ಓದಿಯೇ ಎರಡನೆಯ ಸಲ ಬೆರಳಿಡಿರಿ. ಓದಲು ಬಾರದ ಹಿರಿಯರ ಜೊತೆಗೆ ಮನೆಯವರೊಬ್ಬರು ಹೋಗಲೇಬೇಕು. ಒಂದೆರಡು ವಾರ ಬಿಟ್ಟು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ಅವರ ನಂಬರು ಮತ್ತು ಓಟಿಪಿ ಕೊಟ್ಟರೆ, ಅವರ ಹೆಸರಿನಲ್ಲಿರುವ ಸಂಪರ್ಕಗಳೆಲ್ಲ ಕಾಣಿಸುತ್ತವೆ. ತಮ್ಮದಲ್ಲದ ನಂಬರಿದ್ದರೆ ಅಲ್ಲಿಯೇ ದೂರು ಕೊಡಬಹುದು. ನಮ್ಮ ರಾಜ್ಯದಲ್ಲಿ ಒಬ್ಬರ ಹೆಸರಿನಲ್ಲಿ ಹೆಚ್ಚೆಂದರೆ 9 ಸಿಮ್ ಇರಬಹುದು.

ಮನೆಯಲ್ಲಿ ಚಾಲೂ ಮಾಡುವ ಕ್ರಮ

ಹಳೆಯ ಫೋನನ್ನು ಕೈಯಲ್ಲಿಟ್ಟುಕೊಂಡೇ ಕೆಲಸ ಆರಂಭಿಸಿರಿ. ಎಲ್ಲವೂ ಹೊಸದಕ್ಕೆ ಬಂದಿದೆ ಎಂದು ಖಾತ್ರಿಯಾಗುವವರೆಗೆ ಅದನ್ನು ರೀಸೆಟ್ ಮಾಡಬೇಡಿರಿ, ಮಕ್ಕಳ ಕೈಗೂ ಕೊಡಬೇಡಿರಿ. ಹಳೆಯದರಲ್ಲಿ ಫೋನ್ ನಂಬರುಗಳು ಸಿಮ್‌ನಲ್ಲಿ ಇವೆಯೇ, ಫೋನಿನಲ್ಲಿ ಇವೆಯೇ ಎಂದು ನೋಡಿ, ಎಲ್ಲವನ್ನೂ ಗೂಗಲ್ ಖಾತೆಗೆ ಸೇರಿಸಿರಿ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್ ತೆಗೆದುಕೊಂಡು, ಅದು ಮುಗಿದ ಸಮಯವನ್ನು ಪರದೆಯಲ್ಲಿ ಓದಿ ಖಚಿತಪಡಿಸಿಕೊಳ್ಳಿರಿ.

ಸಿಮ್ ಟ್ರೇ ತೆಗೆಯಲು ಡಬ್ಬಿಯಲ್ಲಿರುವ ಪಿನ್ನನ್ನೇ ಬಳಸಿರಿ. ಫೋನಿನ ಅಂಚಿನಲ್ಲಿ ಎರಡು ಮೂರು ಸಣ್ಣ ತೂತುಗಳಿರುತ್ತವೆ. ಟ್ರೇಯ ಗೆರೆಯ ಒಳಗಿರುವ ತೂತು ಮಾತ್ರ ಪಿನ್ನಿಗೆ, ಒಂಟಿಯಾಗಿರುವ ತೂತು ಮೈಕಿನದು. ಮೈಕಿಗೆ ಪಿನ್ ಚುಚ್ಚಿದರೆ ಮಾತು ಎದುರಿನವರಿಗೆ ಕೇಳಿಸದಂತಾಗಬಹುದು. ಕೆಲವು ಟ್ರೇಗಳಲ್ಲಿ ಎರಡನೆಯ ಸಿಮ್ ಅಥವಾ ಮೆಮೊರಿ ಕಾರ್ಡ್, ಎರಡರಲ್ಲಿ ಒಂದಕ್ಕಷ್ಟೇ ಜಾಗವಿರುತ್ತದೆ. ಹಳೆಯ ದೊಡ್ಡ ಸಿಮ್ಮನ್ನು ಕತ್ತರಿಸಿ ತುರುಕುವ ಬದಲು ಕಂಪನಿಯ ಅಂಗಡಿಯಲ್ಲಿ ಅದೇ ನಂಬರಿನ ನ್ಯಾನೋ ಸಿಮ್ ಪಡೆಯುವುದೇ ಸರಿ. ಹಾಗೆ ಸಿಮ್ ಬದಲಾಯಿಸಿದಾಗ ಮೊದಲ 24 ಗಂಟೆ ಎಸ್‌ಎಂಎಸ್ ಬಂದ್ ಇರುತ್ತದೆ. ಬ್ಯಾಂಕಿನ ಓಟಿಪಿ ಬರುವುದಿಲ್ಲ, ಫೋನ್‌ಪೇ, ಗೂಗಲ್‌ಪೇಗಳೂ ನೋಂದಣಿಯಾಗುವುದಿಲ್ಲ. ಬೀಜ, ಗೊಬ್ಬರಕ್ಕೆ ದುಡ್ಡು ಕಳಿಸಬೇಕಾದ ದಿನ ಈ ಕೆಲಸಕ್ಕೆ ಕೈಹಾಕಬೇಡಿರಿ.

ಮೊದಲ ಪರದೆಯಲ್ಲಿ ಭಾಷೆ ಕೇಳುತ್ತದೆ. ಹಿರಿಯರ ಫೋನಾದರೆ ಕನ್ನಡವನ್ನೇ ಆರಿಸಿರಿ; ‘ಸೆಟ್ಟಿಂಗ್‌ಗಳು’ ಎಂದು ಓದಬಲ್ಲವರು ತಾವೇ ಅರ್ಧ ಕೆಲಸ ಮಾಡಿಕೊಳ್ಳುತ್ತಾರೆ. ನಂತರ ಖಾತೆ. ಇಲ್ಲಿ ಬಳಸುವವರ ಸ್ವಂತ ಹೆಸರು, ನಿಜವಾದ ಹುಟ್ಟಿದ ದಿನಾಂಕ, ಅವರದೇ ಫೋನ್ ನಂಬರು ಕೊಟ್ಟು ಖಾತೆ ತೆರೆಯಿರಿ. ಪಾಸ್‌ವರ್ಡನ್ನು ಒಂದು ಹಾಳೆಯಲ್ಲಿ ಬರೆದು ಹೊಲದ ಪಹಣಿ, ಬ್ಯಾಂಕಿನ ಪಾಸ್‌ಬುಕ್ ಇಡುವ ಪೆಟ್ಟಿಗೆಯಲ್ಲಿಯೇ ಇಡಿರಿ. ಪಾಸ್‌ವರ್ಡ್ ಬರೆದಿಡಬಾರದು ಎನ್ನುವವರಿದ್ದಾರೆ, ಆದರೆ ನಮ್ಮ ಮನೆಗಳ ಹಿರಿಯರ ಮಟ್ಟಿಗೆ ಮರೆತುಹೋಗುವ ಅಪಾಯವೇ ದೊಡ್ಡದು ಎಂಬುದು ಅಪ್ಪನ ಫೋನಿನಿಂದ ನಾನು ಕಲಿತದ್ದು. ಯುಪಿಐ ಪಿನ್ನನ್ನು ಮಾತ್ರ ಎಲ್ಲಿಯೂ ಬರೆಯಬಾರದು.

ಖಾತೆಯಾದ ಮೇಲೆ ಪರದೆಗೆ ಲಾಕ್ ಹಾಕಿ, ವಾಟ್ಸ್‌ಆ್ಯಪ್ ತೆರೆದು ಅದೇ ನಂಬರು ಕೊಟ್ಟು, ಬ್ಯಾಕಪ್‌ನಿಂದ ಮರಳಿ ತರುವುದಕ್ಕೆ ಒಪ್ಪಿರಿ. ಈ ಆಯ್ಕೆ ಮೊದಲ ಸಲವೇ ಬರುತ್ತದೆ, ಆತುರದಲ್ಲಿ ಬಿಟ್ಟು ಮುಂದೆ ಹೋದರೆ ಹಳೆಯ ಸಂದೇಶಗಳನ್ನು ತರಲು ಆ್ಯಪ್ ತೆಗೆದು ಮತ್ತೆ ಹಾಕಬೇಕಾಗುತ್ತದೆ. ಹಣದ ಆ್ಯಪ್‌ಗಳು ಸಿಮ್‌ನಿಂದ ತಾವೇ ಒಂದು ಎಸ್‌ಎಂಎಸ್ ಕಳಿಸಿ ನಂಬರನ್ನು ಖಚಿತಪಡಿಸಿಕೊಳ್ಳುವುದರಿಂದ, ಎಸ್‌ಎಂಎಸ್ ಇರುವ ರೀಚಾರ್ಜ್ ಆಗಿರಬೇಕು. ಕೊನೆಗೆ ಸಾಫ್ಟ್‌ವೇರ್ ಅಪ್‌ಡೇಟ್. ಇದು ದಿನದ ಡೇಟಾವನ್ನೆಲ್ಲ ನುಂಗಬಲ್ಲದು, ವೈಫೈ ಇರುವ ನೆಂಟರ ಮನೆಯಲ್ಲಿ ಮಾಡಿಸಿಕೊಂಡರೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಚಾರ್ಜಿಗೆ ಹಾಕಿಕೊಂಡೇ ಇದನ್ನೆಲ್ಲ ಮಾಡಿದರೆ ಫೋನು ಕಾದು ನಿಧಾನವಾಗುತ್ತದೆ, ಮುಂಜಾನೆಯ ತಂಪಿನಲ್ಲಿ ಮಾಡಿರಿ.

ನಂಬರು ಉಳಿಸಿಕೊಂಡು ಕಂಪನಿ ಬದಲಾಯಿಸುವುದು

ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತು ಅಂಕೆಯ ನಂಬರು ಬರೆದು 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಎಂಟು ಅಕ್ಷರಗಳ ಕೋಡ್ ಬರುತ್ತದೆ. ಅದರ ಅವಧಿ 4 ದಿನ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಪೋಸ್ಟ್‌ಪೇಯ್ಡ್ ಆಗಿದ್ದರೆ ಬಿಲ್ ಬಾಕಿ ತೀರಿಸಿರಬೇಕು, ಕಳೆದ 7 ದಿನಗಳಲ್ಲಿ ಸಿಮ್ ಬದಲಾಯಿಸಿರಬಾರದು. ಈ ಕೊನೆಯ ನಿಯಮ 2024ರ ಜುಲೈ 1ರಿಂದ ಬಂದಿದೆ. ಕೋಡನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಕೊಟ್ಟು ಸಿಮ್ ಪಡೆದ ಮೇಲೆ, ರಾಜ್ಯದೊಳಗಿನ ಬದಲಾವಣೆಗೆ 3 ಕೆಲಸದ ದಿನಗಳು ಹಿಡಿಯುತ್ತವೆ; ಅಲ್ಲಿಯವರೆಗೆ ಹಳೆಯ ಸಿಮ್ಮೇ ನಡೆಯುತ್ತದೆ. ಅದರಲ್ಲಿ ಸಿಗ್ನಲ್ ಪೂರ್ತಿ ಹೋದಾಗ ಹೊಸದನ್ನು ಹಾಕಿರಿ. ಹಳೆಯ ರೀಚಾರ್ಜಿನಲ್ಲಿ ಉಳಿದ ದಿನಗಳೂ ಹಣವೂ ಹೊಸ ಕಂಪನಿಗೆ ಬರುವುದಿಲ್ಲ, ಹಾಗಾಗಿ ಅವಧಿ ಮುಗಿಯಲು ನಾಲ್ಕೈದು ದಿನ ಇರುವಾಗ ಕೋಡ್ ತರಿಸುವುದು ಲಾಭ. ಫೋನಿನಲ್ಲಿ ಯಾರೇ ಕೇಳಿದರೂ ಆ ಕೋಡ್ ಹೇಳಬಾರದು.

ರಾಯಚೂರಿನಿಂದ ಗದ್ವಾಲ್, ಮಂತ್ರಾಲಯದ ಕಡೆಗೆ ಓಡಾಡುವವರ ಬಳಿ ಆಂಧ್ರ, ತೆಲಂಗಾಣದ ಸರ್ಕಲ್‌ನ (ಸೇವಾ ವಲಯದ) ನಂಬರುಗಳೂ ಇರುತ್ತವೆ. 2015ರ ಜುಲೈ 3ರಿಂದ ಅಂಥ ನಂಬರನ್ನೂ ಕರ್ನಾಟಕಕ್ಕೆ ಪೋರ್ಟ್ ಮಾಡಿಸಬಹುದು. ಅದಕ್ಕೆ 5 ಕೆಲಸದ ದಿನ. ಗಡಿಯ ಊರುಗಳಲ್ಲಿ ಫೋನು ಆಚೆಯ ಟವರನ್ನು ಹಿಡಿದು ರೋಮಿಂಗ್ ಎಂದು ತೋರಿಸಿದಾಗ ಡೇಟಾ ನಿಂತುಹೋದರೆ, ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಆನ್ ಮಾಡಿರಿ.

ಪ್ಲಾನ್ ಆರಿಸುವ ಲೆಕ್ಕ

ತಿಂಗಳ ಪ್ಲಾನ್ ಎಂದು ಮಾರುವುದು ಸಾಮಾನ್ಯವಾಗಿ 28 ದಿನದ್ದು. ಹನ್ನೆರಡು ಸಲ ಹಾಕಿಸಿದರೆ 336 ದಿನಗಳಷ್ಟೇ ಆಗುತ್ತವೆ, ವರ್ಷ ತುಂಬಲು ಹದಿಮೂರನೆಯದು ಬೇಕು. ಪ್ಲಾನ್ 300 ರೂಪಾಯಿಯದು ಎಂದಿಟ್ಟುಕೊಂಡರೆ ವರ್ಷಕ್ಕೆ 3,600 ಎಂದು ತೋರಿದರೂ ಖರ್ಚಾಗುವುದು 3,900. ಎರಡು ಪ್ಲಾನ್‌ಗಳನ್ನು ಹೋಲಿಸುವಾಗ ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬಿತ್ತು ಎಂದು ನೋಡಿರಿ. 30 ದಿನದ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಲಾನ್‌ಗಳನ್ನೂ ಕಂಪನಿಗಳು ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ ಹೇಳಿದೆ. ಸುಗ್ಗಿಯಲ್ಲಿ ದುಡ್ಡು ಕೈಗೆ ಬರುವ ರೈತರಿಗೆ ವರ್ಷದ ಪ್ಲಾನನ್ನು ಒಂದೇ ಸಲಕ್ಕೆ ಹಾಕಿಸಿಬಿಡುವುದು ಅನುಕೂಲ, ಆದರೆ ಸಿಗ್ನಲ್ ಪರೀಕ್ಷೆ ಮಾಡದೆ ಹಾಗೆ ಮಾಡಬಾರದು.

ಕರೆಗಷ್ಟೇ ಫೋನು ಬಳಸುವ ಅವ್ವ, ಅಜ್ಜಿಯರಿಗೆ ಡೇಟಾದ ದುಡ್ಡು ಏಕೆ ಕಟ್ಟಬೇಕು? 2024ರ ಡಿಸೆಂಬರ್‌ನ ಟ್ರಾಯ್ ಆದೇಶದ ನಂತರ ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲಾನ್‌ಗಳು ಬಂದಿವೆ. ಅಂಗಡಿಯವರು ತಾವಾಗಿ ಹೇಳದಿರಬಹುದು, ಹೆಸರು ಹಿಡಿದು ಕೇಳಿರಿ. ಉಳಿದವರು ಹಿಂದಿನ ತಿಂಗಳ ಡೇಟಾ ಬಳಕೆಯನ್ನು ಹಳೆಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಅದನ್ನು 30ರಿಂದ ಭಾಗಿಸಿದರೆ ದಿನದ ಅಗತ್ಯ ಗೊತ್ತಾಗುತ್ತದೆ. ದಿನದ ಮಿತಿ ಮುಗಿದ ಮೇಲೆ ಸಾಮಾನ್ಯವಾಗಿ ಸಿಗುವ 64 ಕೆಬಿಪಿಎಸ್ ವೇಗದಲ್ಲಿ ವಾಟ್ಸ್‌ಆ್ಯಪ್‌ನ ಅಕ್ಷರಗಳು ಹೋಗುತ್ತವೆ, ಫೋಟೋ ತೆವಳುತ್ತದೆ.

ಪೋಸ್ಟ್‌ಪೇಯ್ಡ್, ತಿಂಗಳ ಸಂಬಳ ಇರುವವರಿಗೆ, ಒಂದೇ ಬಿಲ್ಲಿನಲ್ಲಿ ಮನೆಯ ಮೂರು ನಾಲ್ಕು ನಂಬರು ಸೇರಿಸುವವರಿಗೆ ಹೊಂದುತ್ತದೆ. ಹೇಳಿದ ಬಾಡಿಗೆಯ ಮೇಲೆ ಜಿಎಸ್‌ಟಿ ಬೇರೆ ಬೀಳುತ್ತದೆ ಎಂಬುದನ್ನು ಲೆಕ್ಕದಲ್ಲಿಡಿರಿ. ಎರಡನೆಯ ಸಿಮ್ಮನ್ನು ಬ್ಯಾಂಕಿಗೆಂದು ಸುಮ್ಮನೆ ಇಟ್ಟುಕೊಂಡವರು ನೆನಪಿಡಬೇಕಾದದ್ದು ಇಷ್ಟು: 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ನಂಬರು ಕೈತಪ್ಪಬಹುದು, ಪ್ರೀಪೇಯ್ಡ್ ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಇದ್ದರೆ ಅದು ಕಡಿತವಾಗಿ ಇನ್ನೂ 30 ದಿನ ಉಳಿಯುತ್ತದೆ.

ಎಲ್ಲ ಮುಗಿದ ಮೇಲೆ ಬಿಲ್ಲಿನ ಮತ್ತು ಐಎಂಇಐ ಇರುವ ಡಬ್ಬಿಯ ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿಗೆ ಕಳಿಸಿರಿ. ಜಾತ್ರೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಫೋನು ಕಳೆದರೆ ಪೊಲೀಸರಿಗೆ ದೂರು ಕೊಟ್ಟು, ಅದೇ ನಂಬರಿನ ಬದಲಿ ಸಿಮ್ ಪಡೆದು, ಸಂಚಾರ ಸಾಥಿಯಲ್ಲಿ ಆ ಐಎಂಇಐಯನ್ನು ಬ್ಲಾಕ್ ಮಾಡಿಸಲು ಈ ಎರಡು ಫೋಟೋಗಳೇ ಬೇಕಾಗುತ್ತವೆ.